ಆಸ್ಪಿರಿನ್ನಿನ ಎರಡನೆಯ ರೂಪ : ಒಂದು ಪ್ರಮಾಣವಿಮರ್ಶೆ

ವಸ್ತು ಒಂದೇ ಆಗಿದ್ದು ಅದರ ಸ್ಫಟಿಕಗಳು ಎರಡು ಮೂರು ಬಗೆಯಾಗಿರಬಹುದೆಂಬ ಸಂಗತಿ ರಸಾಯನಶಾಸ್ತ್ರಕ್ಕೆ ಹೊಸದಲ್ಲ. ಆದರೆ ನೂರು ವರ್ಷಗಳಿಗೂ ಮಿಕ್ಕಿ ಜನರು ನುಂಗುತ್ತ ಬಂದಿರುವ ಆಸ್ಪಿರಿನ್ ಎಂಬ ನೋವಿನ ಗುಳಿಗೆಗೆ ಅಂಥ ಎರಡನೆಯ ರೂಪವೊಂದು ಉಂಟೇ ಇಲ್ಲವೇ ಎಂಬ ವಿಷಯದಲ್ಲಿ 2005ರಿಂದ 2011ರ ವರೆಗೆ ನಡೆದ ಚರ್ಚೆಯು, ರಸಾಯನಶಾಸ್ತ್ರಜ್ಞರಿಗೆ ಮಾತ್ರವಲ್ಲದೆ ಇತಿಹಾಸದ ವಿದ್ಯಾರ್ಥಿಗಳಿಗೂ ಗಮನಾರ್ಹವಾದುದೆಂದು ನಾವು ಭಾವಿಸುತ್ತೇವೆ. ಆ ಚರ್ಚೆಯಲ್ಲಿ ವಸ್ತುವಿಗಿಂತ ಹೆಚ್ಚಾಗಿ ವಾದಕ್ಕೆ ಬಂದುದು ಪ್ರಮಾಣ. ಯಾವುದನ್ನು ಸಾಕ್ಷ್ಯವೆಂದು ಒಪ್ಪಬೇಕು, ಯಾವುದನ್ನು ಬರಿಯ ನಿರೀಕ್ಷೆಯೆಂದು ಬದಿಗಿಡಬೇಕು ಎಂಬ ಪ್ರಶ್ನೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಶಾಸನಗಳನ್ನೂ ಹಸ್ತಪ್ರತಿಗಳನ್ನೂ ಓದುವವರಿಗೆ ದಿನವೂ ಎದುರಾಗುವಂಥದು. ನಾವು ರಸಾಯನಶಾಸ್ತ್ರಜ್ಞರಲ್ಲ, ಆದುದರಿಂದ ಪ್ರಯೋಗಗಳ ಒಳಗುಟ್ಟಿನ ಬಗ್ಗೆ ತೀರ್ಪು ಕೊಡುವ ಸಾಹಸಕ್ಕೆ ಇಳಿಯದೆ, ಪ್ರಕಟವಾದ ಲೇಖನಗಳಲ್ಲಿ ಪ್ರಮಾಣವನ್ನು ಹೇಗೆ ಬಳಸಲಾಗಿದೆ ಎಂಬುದನ್ನಷ್ಟೇ ಇಲ್ಲಿ ಪರೀಕ್ಷಿಸುತ್ತೇವೆ.

ಮೊದಲು ವಿಷಯವನ್ನು ಸ್ಥೂಲವಾಗಿಯಾದರೂ ತಿಳಿದುಕೊಳ್ಳಬೇಕು. ಘನವಸ್ತುವಿನಲ್ಲಿ ಅಣುಗಳು ಕ್ರಮವಾಗಿ ಜೋಡಣೆಗೊಂಡಾಗ ಸ್ಫಟಿಕವಾಗುತ್ತದೆ. ಅದೇ ಅಣುಗಳು ಬೇರೊಂದು ಕ್ರಮದಲ್ಲಿ ಜೋಡಣೆಗೊಂಡರೆ ಅದು ಇನ್ನೊಂದು ಸ್ಫಟಿಕರೂಪ. ಈ ಗುಣಕ್ಕೆ ಬಹುರೂಪತೆಯೆಂದು ಹೆಸರು. ಇದನ್ನು ಹೊರಗಿನ ಆಕಾರಭೇದದೊಡನೆ ಬೆರಸಬಾರದು. ಇಂಡಿಯ ಕಡೆಯ ಕಬ್ಬಿನಿಂದಾದ ಹರಳುಸಕ್ಕರೆಯೂ ಅಂಗಡಿಯ ಕಲ್ಲುಸಕ್ಕರೆಯೂ ನೋಡಲಿಕ್ಕೆ ಎಷ್ಟು ಬೇರೆಯಾದರೂ ಅವುಗಳ ಒಳಜೋಡಣೆ ಒಂದೇ. ಅವು ಎರಡು ಗಾತ್ರಗಳೇ ಹೊರತು ಎರಡು ರೂಪಗಳಲ್ಲ. 1832ರಲ್ಲಿ ವ್ಯೋಲರ್ ಮತ್ತು ಲೀಬಿಗ್ ಎಂಬ ಜರ್ಮನ್ ವಿದ್ವಾಂಸರು ಬೆಂಜಮೈಡ್ ಎಂಬ ವಸ್ತುವಿನಲ್ಲಿ ಒಂದು ಸ್ಫಟಿಕವು ತಾನಾಗಿಯೇ ಇನ್ನೊಂದು ಬಗೆಯ ಸ್ಫಟಿಕವಾಗಿ ಮಾರ್ಪಡುವುದನ್ನು ಕಂಡು ವರದಿ ಮಾಡಿದರು. ಸಾವಯವ ವಸ್ತುಗಳ ಬಹುರೂಪತೆಯ ಇತಿಹಾಸವನ್ನು ಸಾಮಾನ್ಯವಾಗಿ ಅಲ್ಲಿಂದಲೇ ಆರಂಭಿಸುವುದು ವಾಡಿಕೆ.

ಇಂದು ನಮ್ಮ ಹಳ್ಳಿಗಳಲ್ಲಿ ಜ್ವರಕ್ಕೂ ಮೈಕೈ ನೋವಿಗೂ ಎಲ್ಲರೂ ಬಳಸುವ ಪ್ಯಾರಾಸಿಟಮಾಲನ್ನೇ ನೋಡಬಹುದು. ಅದರ ಎರಡು ಮುಖ್ಯ ರೂಪಗಳ ರಚನೆಯನ್ನು ಜಪಾನಿನ ಹೈಸಾ ಮತ್ತು ಸಂಗಡಿಗರು 1974 ಮತ್ತು 1976ರಲ್ಲಿ ಕ್ಷ-ಕಿರಣಗಳ ಮೂಲಕ ನಿಶ್ಚಯಿಸಿದರು. ಮೊದಲನೆಯ ರೂಪದಲ್ಲಿ ಅಣುಗಳ ಪದರಗಳು ಅಂಕುಡೊಂಕಾಗಿ ಮಡಿಸಿದಂತಿರುತ್ತವೆ. ಅದು ಸುಮಾರು 169-170 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಎರಡನೆಯದರಲ್ಲಿ ಪದರಗಳು ಚಪ್ಪಟೆಯಾಗಿದ್ದು ಒಂದರ ಮೇಲೊಂದು ಜಾರಬಲ್ಲವು. ಅದು ಸುಮಾರು 157 ಡಿಗ್ರಿಯಲ್ಲಿಯೇ ಕರಗುತ್ತದೆ. ಜಾರುವ ಪದರಗಳಿರುವ ಪುಡಿಯನ್ನು ಒತ್ತಿದರೆ ಅದು ಗುಳಿಗೆಯಾಗಿ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಮಡಿಕೆ ಪದರಗಳದು ಹಾಗೆ ಸುಲಭವಾಗಿ ಕಚ್ಚಿಕೊಳ್ಳದೆ ಅಂಟಿನ ದ್ರವ್ಯಗಳ ಸಹಾಯವನ್ನು ಬೇಡುತ್ತದೆ. ಆದರೂ ಹೆಚ್ಚು ಸ್ಥಿರವಾದುದು ಮೊದಲನೆಯದೇ ಆದುದರಿಂದ ಬಳಕೆಯಲ್ಲಿರುವುದೂ ಅದೇ. ಇಲ್ಲಿ ವಿವಾದವಿಲ್ಲ. ಕರಗುವ ಬಿಂದು ಎರಡು, ರಚನೆ ಎರಡು, ಒತ್ತಡಕ್ಕೆ ಬಗ್ಗುವ ರೀತಿಯೂ ಎರಡು. ಒಂದೊಂದು ಸಾಕ್ಷ್ಯವೂ ಇನ್ನೊಂದನ್ನು ಅವಲಂಬಿಸದೆ ಒಂದೇ ಮಾತನ್ನು ಹೇಳುತ್ತದೆ.

ಇದು ಕೇವಲ ಪಾಂಡಿತ್ಯದ ವಿಷಯವೆಂದು ಯಾರೂ ತಿಳಿಯಬಾರದು. 1996ರಲ್ಲಿ ಬಳಕೆಗೆ ಬಂದ ರಿಟೋನವಿರ್ ಎಂಬ ಏಡ್ಸ್ ರೋಗದ ಔಷಧಿಯಲ್ಲಿ, 1998ರಲ್ಲಿ, ಅದುವರೆಗೆ ಯಾರೂ ಕಾಣದ ಇನ್ನೊಂದು ಸ್ಫಟಿಕರೂಪ ತಲೆದೋರಿತು. ಅದು ಮೊದಲಿನದಕ್ಕಿಂತ ಬಹಳ ಕಡಿಮೆ ವಿಲೀನವಾಗುವಂಥದಾದುದರಿಂದ ಆ ಔಷಧಿಯ ಕ್ಯಾಪ್ಸೂಲುಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ಆ ಘಟನೆಯ ತರುವಾಯ ಯಾವ ಔಷಧಿಗೂ "ರೂಪ ಒಂದೇ" ಎಂದು ನಿಶ್ಚಿಂತೆಯಿಂದ ಹೇಳುವ ಧೈರ್ಯ ಯಾರಿಗೂ ಉಳಿಯಲಿಲ್ಲ. ಆಸ್ಪಿರಿನ್ನಿನ ಎರಡನೆಯ ರೂಪವನ್ನು ಹುಡುಕುವ ಉತ್ಸಾಹಕ್ಕೆ ಈ ಭಯವೂ ಒಂದು ಕಾರಣವಾಗಿರಬೇಕು.

ಇನ್ನು ಆಸ್ಪಿರಿನ್ನಿನ ಕಡೆಗೆ ಬರೋಣ. ಅಸಿಟೈಲ್ ಸ್ಯಾಲಿಸಿಲಿಕ್ ಆಮ್ಲವನ್ನು ಅಶುದ್ಧ ಸ್ಥಿತಿಯಲ್ಲಿ ಮೊದಲು ತಯಾರಿಸಿದವನು ಫ್ರಾನ್ಸಿನ ಗೆರಾರ್, 1853ರಲ್ಲಿ. ಬಾಯರ್ ಕಂಪನಿಯ ಫೆಲಿಕ್ಸ್ ಹಾಫ್‌ಮನ್ ಅದನ್ನು ಶುದ್ಧವಾಗಿ ಪಡೆದುದು 1897ರಲ್ಲಿ. ಆಸ್ಪಿರಿನ್ ಎಂಬ ಹೆಸರು ಬಂದುದು 1899ರಲ್ಲಿ. ಅದರ ಸ್ಫಟಿಕರಚನೆಯನ್ನು ವೀಟ್ಲಿಯು 1964ರಲ್ಲಿ ಪ್ರಕಟಿಸಿದನು. ನಾಲ್ಕು ವರ್ಷಗಳ ಮೇಲೆ, 1968ರಲ್ಲಿ, ತವಾಶಿ ಎಂಬ ವಿದ್ವಾಂಸನು ಈ ಔಷಧಿಗೆ ಎರಡು ರೂಪಗಳಿವೆಯೆಂದೂ, ಒಂದು ಮದ್ಯಸಾರದಿಂದಲೂ ಇನ್ನೊಂದು ಹೆಕ್ಸೇನ್ ಎಂಬ ದ್ರಾವಕದಿಂದಲೂ ದೊರೆಯುತ್ತದೆಂದೂ, ಎರಡನೆಯದು ನೀರಿನಲ್ಲಿ ಹೆಚ್ಚು ಬೇಗ ಕರಗುತ್ತದೆಂದೂ ಪ್ರತಿಪಾದಿಸಿದನು. ಆದರೆ 1971ರ ಹೊತ್ತಿಗಾಗಲೇ ಸಂದೇಹ ವ್ಯಕ್ತಪಡಿಸುವ ಲೇಖನಗಳು ಬಂದವು. ಕಂಡ ಭೇದಗಳು ರೂಪಭೇದಗಳೋ, ಹೊರಗಿನ ಆಕಾರದ ಭೇದಗಳೋ, ಸ್ಫಟಿಕದೊಳಗಿನ ದೋಷಗಳೋ ಎಂಬುದು ಅವರ ಪ್ರಶ್ನೆಯಾಗಿತ್ತು.

ಆ ಕಾಲದ ವಾದಗಳಲ್ಲಿ ನಮಗೆ ಬಹಳ ದುರ್ಬಲವಾಗಿ ಕಾಣುವುದು ಉಷ್ಣದ ಸಾಕ್ಷ್ಯ. ಒಂದು ಶುದ್ಧವಸ್ತುವಿಗೆ ಒಂದೇ ಕರಗುವ ಬಿಂದುವೆಂದು ಪಠ್ಯಪುಸ್ತಕಗಳು ಕಲಿಸುತ್ತವೆ. ಆದುದರಿಂದ ಬಿಂದು ಬೇರೆಯಾದರೆ ರೂಪವೂ ಬೇರೆಯಿರಬೇಕೆಂಬ ಅನುಮಾನ ಸಹಜ. ಆದರೆ ಆಸ್ಪಿರಿನ್ ಕರಗುವ ಉಷ್ಣತೆಯಲ್ಲಿಯೇ, ಎಂದರೆ ಸುಮಾರು 135 ಡಿಗ್ರಿಯ ಆಸುಪಾಸಿನಲ್ಲಿ, ವಿಘಟನೆ ಹೊಂದಲಿಕ್ಕೂ ತೊಡಗುತ್ತದೆ. ವಿಘಟನೆಯಿಂದ ಹುಟ್ಟಿದ ವಸ್ತುಗಳು ಮಿಕ್ಕುದರೊಡನೆ ಬೆರೆತು ಕರಗುವ ಬಿಂದುವನ್ನು ಕೆಳಗಿಳಿಸುತ್ತವೆ. ಹೀಗಾಗಿ ನಿಧಾನವಾಗಿ ಕಾಯಿಸಿದವನಿಗೆ ಒಂದು ಅಂಕಿ, ಬೇಗ ಕಾಯಿಸಿದವನಿಗೆ ಇನ್ನೊಂದು ಅಂಕಿ ದೊರೆಯುತ್ತದೆ. ಅಂಕಿಗಳೆರಡಾದ ಮಾತ್ರಕ್ಕೆ ವಸ್ತುವಿಗೆ ರೂಪಗಳೆರಡಾಗುವುದಿಲ್ಲ. ಮುದ್ದೇಬಿಹಾಳದ ಕಡೆಯ ವಿದ್ಯಾರ್ಥಿಗಳಿಗೆ ಇದರ ಸಾದೃಶ್ಯ ಮನೆಯ ಬಾಗಿಲಲ್ಲಿಯೇ ಇದೆ. 1565ರ ಜನವರಿಯಲ್ಲಿ ವಿಜಯನಗರದ ಸೈನ್ಯ ಸೋತ ಯುದ್ಧವನ್ನು ಒಬ್ಬರು ತಾಳಿಕೋಟೆಯ ಯುದ್ಧವೆನ್ನುತ್ತಾರೆ, ಇನ್ನೊಬ್ಬರು ರಕ್ಕಸಗಿ-ತಂಗಡಗಿಯ ಯುದ್ಧವೆನ್ನುತ್ತಾರೆ, ಮತ್ತೊಬ್ಬರು ಬನ್ನಿಹಟ್ಟಿಯ ಹೆಸರನ್ನು ಹೇಳುತ್ತಾರೆ. ಹೆಸರು ಮೂರಾದರೂ ಯುದ್ಧ ಒಂದೇ. 1960ರ ದಶಕದ ಆಸ್ಪಿರಿನ್ ರೂಪಗಳಲ್ಲಿ ಕೆಲವಾದರೂ ಈ ಜಾತಿಯವೆಂದು ತೋರುತ್ತದೆ.

2004ರಲ್ಲಿ ಪರಿಸ್ಥಿತಿ ಬದಲಾಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಾರಾ ಪ್ರೈಸ್ ಮತ್ತು ಊವ್ರಾರ್ ಎಂಬ ವಿದ್ವಾಂಸರು ಪ್ರಯೋಗಶಾಲೆಗೆ ಹೋಗದೆ ಗಣಿತದ ಮೂಲಕವೇ ಆಸ್ಪಿರಿನ್ ಅಣುಗಳು ಯಾವ ಯಾವ ರೀತಿಯಲ್ಲಿ ಜೋಡಣೆಗೊಳ್ಳಬಹುದೆಂದು ಲೆಕ್ಕ ಹಾಕಿದರು. ತಿಳಿದಿದ್ದ ರೂಪದಷ್ಟೇ ಶಕ್ತಿಮಟ್ಟದ ಇನ್ನೊಂದು ಜೋಡಣೆ ಸಾಧ್ಯವೆಂದೂ, ಆದರೆ ಅದು ಪಕ್ಕಕ್ಕೆ ಜಾರುವ ಬಲಕ್ಕೆ ತೀರ ದುರ್ಬಲವಾಗಿದ್ದೀತೆಂದೂ ಆ ಲೆಕ್ಕದಿಂದ ಕಂಡುಬಂದಿತು. ಮರುವರ್ಷವೇ, 2005ರಲ್ಲಿ, ವಿಶ್ವೇಶ್ವರ್, ಪೀಟರ್ಸನ್, ಜಾವೊರಾಟ್ಕೊ ಮೊದಲಾದವರು ಅಮೆರಿಕದಿಂದ ಒಂದು ಲೇಖನವನ್ನು ಪ್ರಕಟಿಸಿದರು. ಆಸ್ಪಿರಿನ್ನನ್ನು ಬೇರೊಂದು ವಸ್ತುವಿನೊಡನೆ ಸೇರಿಸಿ ಬಿಸಿಯಾದ ಅಸಿಟೊನೈಟ್ರೈಲಿನಿಂದ ಸ್ಫಟಿಕೀಕರಿಸುವಾಗ ತಮಗೆ ಎರಡನೆಯ ರೂಪ ದೊರೆಯಿತೆಂದೂ, ಅದು 100 ಕೆಲ್ವಿನ್ ಎಂದರೆ ಸೊನ್ನೆಗಿಂತ 173 ಡಿಗ್ರಿ ಕೆಳಗಿನ ಚಳಿಯಲ್ಲಿ ಉಳಿಯುತ್ತದೆಂದೂ, ಸಾಮಾನ್ಯ ಉಷ್ಣತೆಯಲ್ಲಿ ಮೊದಲನೆಯ ರೂಪಕ್ಕೆ ತಿರುಗಿಬಿಡುತ್ತದೆಂದೂ ಅವರು ತಿಳಿಸಿದರು. ಲೇಖನದ ಶೀರ್ಷಿಕೆಯಲ್ಲಿಯೇ ಈ ರೂಪವನ್ನು "ಊಹಿಸಿದಂತೆಯೇ ನುಣುಚಿಕೊಳ್ಳುವ" ರೂಪವೆಂಬ ಅರ್ಥದಲ್ಲಿ ಕರೆಯಲಾಗಿದೆ.

ನಮ್ಮ ಆಕ್ಷೇಪ ಆರಂಭವಾಗುವುದು ಈ ಶೀರ್ಷಿಕೆಯಿಂದಲೇ. ಊಹೆ ಮುಂಚೆ ಬಂದಿತ್ತು. ದೊರೆತ ಸಾಕ್ಷ್ಯ ಮಸುಕಾಗಿತ್ತು. ಮಸುಕಾದ ಸಾಕ್ಷ್ಯವನ್ನು ಊಹೆಯ ಬೆಳಕಿನಲ್ಲಿ ಓದಲಾಯಿತು. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ, ಕ್ರಿ.ಶ. 945ರ, ಪ್ರಸಿದ್ಧವಾದ ಕಂಬದ ಶಾಸನವಿದೆ. ಪಾವಿಟ್ಟಗೆಯೆಂಬ ಆ ಊರಿನ ವಿದ್ಯಾಶಾಲೆಗೂ ಅಲ್ಲಿಗೆ ನಾನಾ ನಾಡುಗಳಿಂದ ಬಂದ ವಿದ್ಯಾರ್ಥಿಗಳ ವಸತಿಗೂ ಕೊಟ್ಟ ದತ್ತಿಗಳನ್ನು ಅದರಿಂದಲೇ ತಿಳಿಯುತ್ತೇವೆ. ಅಂಥ ಕಂಬದಲ್ಲಿ ಒಂದು ಸಾಲು ಸವೆದಿದ್ದರೆ, ಇಂಥ ಪದವಿರಬೇಕೆಂದು ಮೊದಲೇ ನಂಬಿದವನ ಕಣ್ಣಿಗೆ ಆ ಪದವೇ ಕಂಡುಬಿಡುವುದುಂಟು. ಅದಕ್ಕಾಗಿಯೇ ಶಾಸನಸಂಪಾದಕರು ತಾವು ಊಹಿಸಿ ತುಂಬಿದ ಅಕ್ಷರಗಳನ್ನು ಕಂಸದೊಳಗೆ ಇಡುವ ಪದ್ಧತಿಯನ್ನು ಮಾಡಿಕೊಂಡಿದ್ದಾರೆ. 2005ರ ಲೇಖನದಲ್ಲಿ ಆ ಕಂಸ ಬಿಟ್ಟುಹೋಗಿದೆ. ಊಹೆಯೊಡನೆ ಹೊಂದಿಕೆಯಾಗುವುದು ಊಹೆಗೆ ಹೆಗ್ಗಳಿಕೆಯಾಗಬಹುದು. ಹೊಸ ಸಾಕ್ಷ್ಯದ ಬಲವನ್ನು ಅದು ಒಂದು ಗುಲಗಂಜಿಯಷ್ಟೂ ಹೆಚ್ಚಿಸುವುದಿಲ್ಲ.

ಈ ದೋಷವನ್ನು ಮೊದಲು ಎತ್ತಿ ತೋರಿಸಿದವರು ಡೆನ್ಮಾರ್ಕಿನ ಆಂಡ್ರೂ ಬಾಂಡ್, ಜರ್ಮನಿಯ ರೋಲಾಂಡ್ ಬೋಸೆ ಮತ್ತು ಆಗ ಹೈದರಾಬಾದ್ ವಿಶ್ವವಿದ್ಯಾನಿಲಯದಲ್ಲಿದ್ದ ಗೌತಮ ದೇಸಿರಾಜು. 2007ರಲ್ಲಿ ಒಂದರ ಹಿಂದೊಂದರಂತೆ ಪ್ರಕಟಿಸಿದ ಎರಡು ಲೇಖನಗಳಲ್ಲಿ ಅವರು ಮೊದಲು, 2005ರ ದತ್ತಾಂಶದಿಂದ ಎರಡನೆಯ ರೂಪ ನಿಸ್ಸಂದೇಹವಾಗಿ ಸಿದ್ಧವಾಗುವುದಿಲ್ಲವೆಂದು ತೋರಿಸಿದರು. ಇದರ ಕಾರಣವನ್ನು ಸ್ವಲ್ಪ ವಿವರಿಸಬೇಕು. ಆಸ್ಪಿರಿನ್ನಿನ ಎರಡೂ ರೂಪಗಳಲ್ಲಿ ಅಣುಗಳು ಜಲಜನಕಬಂಧದಿಂದ ಜೋಡಿಜೋಡಿಯಾಗಿ ಕೂಡಿ ಪದರಗಳಾಗುತ್ತವೆ, ಮತ್ತು ಈ ಪದರಗಳು ಎರಡರಲ್ಲಿಯೂ ಒಂದೇ ಬಗೆಯವು. ಭೇದವಿರುವುದು ಪದರದ ಮೇಲೆ ಪದರ ಕೂಡುವ ರೀತಿಯಲ್ಲಿ ಮಾತ್ರ. ಇಟ್ಟಿಗೆಯ ಗೋಡೆಯಲ್ಲಿ ಇಟ್ಟಿಗೆಗಳೂ ಸಾಲುಗಳೂ ಬದಲಾಗದೆ, ಮೇಲಿನ ಸಾಲು ಅರ್ಧ ಇಟ್ಟಿಗೆಯಷ್ಟು ಸರಿದು ಕೂತರೆ ಹೇಗೋ ಹಾಗೆ. ಹೀಗೆ ಸರಿದುದರ ಫಲವಾಗಿ, ಮೊದಲನೆಯ ರೂಪದಲ್ಲಿ ಎದುರುಬದುರಾದ ಅಸಿಟೈಲ್ ಗುಂಪುಗಳು ಇಬ್ಬಿಬ್ಬರು ಕೈಹಿಡಿದಂತೆ ಜೋಡಿಯಾಗುತ್ತವೆ. ಎರಡನೆಯದರಲ್ಲಿ ಒಂದೊಂದು ಗುಂಪೂ ಅಕ್ಕಪಕ್ಕದ ಎರಡನ್ನು ಹಿಡಿದು ಸರಪಳಿಯಾಗುತ್ತದೆ. ಪದರಗಳು ಸಮಾನವಾದುದರಿಂದ ಕ್ಷ-ಕಿರಣಗಳ ಚಿತ್ರದಲ್ಲಿ ಮೂಡುವ ಚುಕ್ಕೆಗಳಲ್ಲಿ ಒಂದು ಭಾಗ ಎರಡು ರೂಪಗಳಿಗೂ ಸಮಾನ. ಉಳಿದ ಚುಕ್ಕೆಗಳೇ ಇದು ಯಾವ ರೂಪವೆಂಬುದನ್ನು ಹೇಳಬೇಕು. ಅವು ಸ್ಪಷ್ಟವಾಗಿಲ್ಲದಿದ್ದರೆ ಓದುವವನು ತನಗೆ ಬೇಕಾದುದನ್ನು ಓದಿಕೊಳ್ಳುವ ಅಪಾಯವಿದೆ.

ತಮ್ಮದೇ ಸ್ಫಟಿಕಗಳನ್ನು ಪರೀಕ್ಷಿಸಿದಾಗ ಅವರಿಗೆ ಕಂಡುದು ಇನ್ನೂ ವಿಚಿತ್ರವಾದುದು. ಒಂದೇ ಸ್ಫಟಿಕದಲ್ಲಿ ಎರಡೂ ರೂಪಗಳ ಚುಕ್ಕೆಗಳಿದ್ದುವು. ಎಂದರೆ ಒಂದೇ ಹರಳಿನೊಳಗೆ ಕೆಲವು ಪ್ರದೇಶಗಳು ಮೊದಲನೆಯ ರೂಪದವು, ಕೆಲವು ಎರಡನೆಯದವು, ಎರಡೂ ಒಂದರೊಳಗೊಂದು ಹೆಣೆದು ಬೆಳೆದಿವೆ. ಎರಡನೆಯ ಲೇಖನದ ಶೀರ್ಷಿಕೆಯಲ್ಲಿ ಬಹುರೂಪವೆಂಬ ಮಾತನ್ನು ಅವರು ಉದ್ಧರಣಚಿಹ್ನೆಯೊಳಗಿಟ್ಟಿದ್ದಾರೆ. ಇಷ್ಟು ಸಣ್ಣ ಚಿಹ್ನೆಯಲ್ಲಿ ಇಷ್ಟು ದೊಡ್ಡ ಸಂದೇಹವನ್ನು ಅಡಗಿಸಿದುದನ್ನು ನಾವು ಮೆಚ್ಚುತ್ತೇವೆ.

ಆದರೂ ಈ ಸಂದೇಹವನ್ನು ಎಷ್ಟು ದೂರ ಒಯ್ಯಬಹುದೆಂಬುದು ಬೇರೆ ಮಾತು. ಎರಡೂ ರೂಪಗಳು ಬೆರೆತೇ ದೊರೆಯುವುದಾದರೆ ಎರಡನೆಯದನ್ನು ಸ್ವತಂತ್ರ ರೂಪವೆಂದು ಕರೆಯಬಹುದೇ ಎಂದು ಕೇಳುವವರಿಗೆ ಬಸವನ ಬಾಗೇವಾಡಿಯ ನೆಲದಿಂದ ಒಂದು ಉತ್ತರವಿದೆ. ಬಸವಣ್ಣನವರ ಜನ್ಮಸ್ಥಳವೆಂದು ಪ್ರಸಿದ್ಧವಾದ ಈ ಊರಿನಿಂದ ಬಹಳ ದೂರವಲ್ಲದ ವಿಜಯಪುರದಲ್ಲಿ ಕುಳಿತು ಶ್ರೀ ಫ.ಗು. ಹಳಕಟ್ಟಿಯವರು ತಾಳೆಗರಿಯ ಪ್ರತಿಗಳನ್ನು ಕೂಡಿಹಾಕಿ 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದುದು ಎಲ್ಲರಿಗೂ ತಿಳಿದ ಸಂಗತಿ. ಹಸ್ತಪ್ರತಿಗಳೊಡನೆ ವ್ಯವಹರಿಸಿದವರೆಲ್ಲರೂ ಮಿಶ್ರಪಾಠವೆಂಬುದನ್ನು ಬಲ್ಲರು. ಲಿಪಿಕಾರನು ಎರಡು ಪ್ರತಿಗಳನ್ನು ಮುಂದಿಟ್ಟುಕೊಂಡು ಒಂದು ಸಾಲನ್ನು ಇದರಿಂದ, ಇನ್ನೊಂದು ಸಾಲನ್ನು ಅದರಿಂದ ಬರೆದಿರುತ್ತಾನೆ. ಮಿಶ್ರಪಾಠ ಸಿಕ್ಕ ಮಾತ್ರಕ್ಕೆ ಅದರಲ್ಲಿ ಬೆರೆತ ಪಾಠಗಳಲ್ಲಿ ಒಂದು ಎಂದೂ ಇರಲೇ ಇಲ್ಲವೆಂದು ಯಾವ ಸಂಪಾದಕನೂ ಹೇಳುವುದಿಲ್ಲ. ಹಾಗೆಂದು ಆ ಪಾಠವೊಂದನ್ನೇ ಉಳ್ಳ ಪ್ರತಿ ದೊರೆಯುವ ತನಕ ಅದನ್ನು ಅಚ್ಚಿನ ಪುಟದ ಮೇಲ್ಭಾಗಕ್ಕೂ ತರುವುದಿಲ್ಲ, ಅಡಿಟಿಪ್ಪಣಿಯಲ್ಲಿಯೇ ಇಡುತ್ತಾನೆ. 2007ರಲ್ಲಿ ಆಸ್ಪಿರಿನ್ನಿನ ಎರಡನೆಯ ರೂಪದ ಸ್ಥಾನ ನಮ್ಮ ದೃಷ್ಟಿಯಲ್ಲಿ ಅಡಿಟಿಪ್ಪಣಿಯದೇ. 2005ರವರು ಅದನ್ನು ಅವಸರದಿಂದ ಮೇಲಕ್ಕೆ ತಂದರು. ವಿಮರ್ಶಕರು ಅದನ್ನು ಕೆಳಗಿಳಿಸಿದುದು ನ್ಯಾಯವೇ. ಆದರೆ ಬಹುರೂಪವೆಂಬ ಪದದ ಅರ್ಥವನ್ನೇ ಅಲುಗಾಡಿಸುವಷ್ಟು ಆಧಾರ ಆಗ ಅವರಲ್ಲಿಯೂ ಇರಲಿಲ್ಲ.

ಬೇಕಾಗಿದ್ದ "ಶುದ್ಧಪ್ರತಿ" 2011ರಲ್ಲಿ ದೊರೆಯಿತು. ಆಸ್ಪಿರಿನ್ನಿನ ಅನ್‌ಹೈಡ್ರೈಡ್ ಎಂಬ ಸಂಬಂಧಿತ ವಸ್ತುವನ್ನು ಜೊತೆಗೆ ಸೇರಿಸಿ ಸ್ಫಟಿಕೀಕರಿಸಿದರೆ ಎರಡನೆಯ ರೂಪದ ಒಂಟಿಹರಳುಗಳು ಬೆಳೆಯುತ್ತವೆಂದು ಬಾಂಡ್ ಮತ್ತು ಸಂಗಡಿಗರು ತೋರಿಸಿದರು. ಸಂದೇಹಪಟ್ಟವರಲ್ಲಿ ಮುಖ್ಯರಾದವರೇ ಸಂದೇಹನಿವೃತ್ತಿಯ ಕೆಲಸವನ್ನೂ ಮಾಡಿದರೆಂಬುದು ಗಮನಿಸತಕ್ಕ ವಿಷಯ. ನಮ್ಮ ಇತಿಹಾಸಕ್ಷೇತ್ರದಲ್ಲಿ ಇದು ಅಪರೂಪ.

ಅದೇ ವರ್ಷ ಈ ಹರಳುಗಳ ಮೇಲೆ ನಡೆದ ಇನ್ನೊಂದು ಪರೀಕ್ಷೆ ಕರ್ನಾಟಕಕ್ಕೆ ಸಂಬಂಧಿಸಿದ್ದು. 1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ದೇಸಿರಾಜು ಅವರು 2009ರಲ್ಲಿ ಬಂದಿದ್ದರು. ಅಲ್ಲಿ ಸುನಿಲ್ ವರ್ಗೀಸ್, ಕಿರಣ್, ರಾಮಮೂರ್ತಿ ಇವರೂ, ಡೆನ್ಮಾರ್ಕಿನ ಸೊಲಾಂಕೊ, ಬಾಂಡ್ ಇವರೂ ದೇಸಿರಾಜು ಅವರೊಡನೆ ಕೂಡಿ ಆಸ್ಪಿರಿನ್ನಿನ ಎರಡು ರೂಪಗಳ ಹರಳುಗಳನ್ನು ಅತಿ ಸೂಕ್ಷ್ಮವಾದ ವಜ್ರದ ಮೊನೆಯಿಂದ ಒತ್ತಿ ನೋಡಿದರು. ಮೊನೆ ಎಷ್ಟು ಬಲಕ್ಕೆ ಎಷ್ಟು ಆಳ ಇಳಿಯುತ್ತದೆ, ಬಲ ತೆಗೆದ ಮೇಲೆ ಹರಳು ಎಷ್ಟು ಮೇಲೇಳುತ್ತದೆ ಎಂಬುದನ್ನು ಅಳೆದರೆ ಅದರ ಗಡಸುತನವೂ ಸ್ಥಿತಿಸ್ಥಾಪಕತ್ವವೂ ತಿಳಿಯುತ್ತವೆ. ರಚನೆಗಳು ಅಷ್ಟೊಂದು ಸದೃಶವಾಗಿದ್ದರೂ ಎರಡು ರೂಪಗಳು ಈ ಒತ್ತಡಕ್ಕೆ ಬೇರೆ ಬೇರೆ ಉತ್ತರ ಕೊಟ್ಟವು. ಹರಳುಗಳು ಬಿಸಿಯಿಂದ ಹಿಗ್ಗುವ ಪ್ರಮಾಣವನ್ನೂ ಅಳೆದು, ಆ ಅಂಕಿಗಳು ಇದೇ ತೀರ್ಮಾನವನ್ನು ಬೆಂಬಲಿಸುತ್ತವೆಂದು ತೋರಿಸಿದರು. ಅಲ್ಲದೆ ಎರಡನೆಯ ರೂಪವನ್ನು ಯಂತ್ರದಲ್ಲಿ ಅರೆದರೆ ಪದರಗಳು ಜಾರಿ ಅದು ಶೀಘ್ರವಾಗಿ ಮೊದಲನೆಯ ರೂಪವಾಗುತ್ತದೆಂದೂ ಕಂಡುಬಂದಿತು. 2004ರ ಲೆಕ್ಕ ಹೇಳಿದ ಜಾರುವಿಕೆ ಇದೇ. ಆದರೆ ಈ ಸಲ ಊಹೆ ಸಾಕ್ಷಿಯ ಬಾಯಲ್ಲಿ ಮಾತು ತುರುಕಿರಲಿಲ್ಲ. ಕ್ಷ-ಕಿರಣದ ಚುಕ್ಕೆಗಳ ಹಂಗಿಲ್ಲದೆ, ಒತ್ತಡವೂ ಉಷ್ಣವೂ ತಾವಾಗಿಯೇ ನುಡಿದುವು. ನಮ್ಮ ಅಭಿಪ್ರಾಯದಲ್ಲಿ ಎರಡನೆಯ ರೂಪಕ್ಕೆ ಪುಟದ ಮೇಲ್ಭಾಗದಲ್ಲಿ ಸ್ಥಾನ ದೊರೆಯಬೇಕಾದುದು ಈ ವರ್ಷದಿಂದ, 2005ರಿಂದಲ್ಲ. ಅನೇಕ ಗ್ರಂಥಗಳಲ್ಲಿ ಶೋಧದ ವರ್ಷವೆಂದು 2005ನ್ನು ಮಾತ್ರ ಕೊಟ್ಟು ಮುಂದೆ ಹೋಗುವುದು ಇತಿಹಾಸದೃಷ್ಟಿಯಿಂದ ಸಮ್ಮತವಲ್ಲ.

ಉಳಿದ ಒಂದು ಒಗಟನ್ನು 2014ರಲ್ಲಿ ಬರ್ಲಿನ್ನಿನ ರೈಲಿ ಮತ್ತು ಟ್ಕಾಚೆಂಕೊ ಎಂಬವರು ಕೈಗೆತ್ತಿಕೊಂಡರು. ಎರಡು ರೂಪಗಳ ಶಕ್ತಿ ಬಹುಮಟ್ಟಿಗೆ ಸಮವಾಗಿದ್ದರೆ ಮೊದಲನೆಯದೇ ಎಲ್ಲೆಡೆಯೂ ದೊರೆಯುವುದೇಕೆ? ಅವರ ಉತ್ತರ ಉಷ್ಣದಲ್ಲಿದೆ. ಸ್ಫಟಿಕದ ಅಣುಗಳು ಸುಮ್ಮನಿರುವುದಿಲ್ಲ, ಸದಾ ಕಂಪಿಸುತ್ತಿರುತ್ತವೆ. ಮೊದಲನೆಯ ರೂಪದಲ್ಲಿ ಕೆಲವು ಮಂದವಾದ ಕಂಪನಗಳು ಇನ್ನಷ್ಟು ಸಡಿಲವಾಗಿರುವುದರಿಂದ ಸಾಮಾನ್ಯ ಉಷ್ಣತೆಯಲ್ಲಿ ಆ ರೂಪಕ್ಕೆ ಹೆಚ್ಚಿನ ಸ್ಥಿರತೆ ಬರುತ್ತದೆ. ಇದು ಲೆಕ್ಕದಿಂದ ಬಂದ ವಿವರಣೆ. ಇದನ್ನೂ ಸದ್ಯಕ್ಕೆ ಕಂಸದಲ್ಲಿಟ್ಟು ಓದುವುದೇ ಲೇಸು.

ಈ ಎಲ್ಲ ಚರ್ಚೆಗೂ ಸಿಂದಗಿಯ ಸಂತೆಯ ದಿನ ಅಂಗಡಿಯಲ್ಲಿ ಕೊಂಡ ಗುಳಿಗೆಗೂ ಏನು ಸಂಬಂಧವೆಂದು ವಿದ್ಯಾರ್ಥಿಗಳು ಕೇಳಬಹುದು. ಬಳಕೆಯ ಆಸ್ಪಿರಿನ್ ಮೊದಲನೆಯ ರೂಪದ್ದು. ಹೊಟ್ಟೆಯೊಳಗೆ ವಿಲೀನವಾದ ಮೇಲೆ ಸ್ಫಟಿಕವೇ ಇಲ್ಲವಾದುದರಿಂದ ರೂಪಭೇದವೂ ಅಳಿಯುತ್ತದೆ. ಭೇದವೇನಾದರೂ ಇದ್ದರೆ ವಿಲೀನವಾಗುವ ವೇಗದಲ್ಲಿ. ನಮ್ಮ ಜಿಲ್ಲೆಯ ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿಯನ್ನು ದಾಟುವುದುಂಟು. ತಗಡಿನ ಮಾಡಿನ ಕೆಳಗೆ ಇನ್ನೂ ಹೆಚ್ಚು. ಆ ಸೆಕೆಯಲ್ಲಿ ಗುಳಿಗೆ ಕರಗುವುದಿಲ್ಲ, ರೂಪವನ್ನೂ ಬದಲಿಸುವುದಿಲ್ಲ. ಆದರೆ ಮಳೆಗಾಲದ ತೇವ ಸೇರಿತೆಂದರೆ ಆಸ್ಪಿರಿನ್ ಒಡೆದು ಸ್ಯಾಲಿಸಿಲಿಕ್ ಆಮ್ಲವೂ ಅಸಿಟಿಕ್ ಆಮ್ಲವೂ ಆಗುತ್ತದೆ. ಹಳೆಯ ಸೀಸೆಯ ಮುಚ್ಚಳ ತೆಗೆದಾಗ ಮೂಗಿಗೆ ಬಡಿಯುವ ಹುಳಿವಾಸನೆ ಈ ಅಸಿಟಿಕ್ ಆಮ್ಲದ್ದು. ಅಣುವೇ ಬೇರೆಯಾಗುವ ಈ ಮಾರ್ಪಾಟು ಬಹುರೂಪತೆಯಲ್ಲ. ಅಂಥ ಗುಳಿಗೆಯನ್ನು ಎಸೆಯುವುದೇ ಸರಿ.

ಕೊನೆಯದಾಗಿ ಸಂಖ್ಯೆಗಳ ವಿಷಯದಲ್ಲಿ ಒಂದು ಸೂಚನೆ. 2015ರಲ್ಲಿ ಅತ್ಯಧಿಕ ಒತ್ತಡದ ಕೆಳಗೆ ಆಸ್ಪಿರಿನ್ನಿನ ಇನ್ನೊಂದು ರೂಪ ವರದಿಯಾಗಿ ಅದಕ್ಕೆ ಮೂರನೆಯದೆಂಬ ಸಂಖ್ಯೆ ದೊರೆಯಿತು. 2017ರಲ್ಲಿ ನ್ಯೂಯಾರ್ಕಿನ ಷ್ಟುಕೆನ್‌ಬರ್ಗ್, ಕಾರ್ ಮತ್ತು ಸಂಗಡಿಗರು ಕರಗಿದ ಆಸ್ಪಿರಿನ್ನನ್ನು ತಣಿಸಿ ಮತ್ತೊಂದು ರೂಪವನ್ನು ಪಡೆದರು. ಸಾಮಾನ್ಯ ಒತ್ತಡದಲ್ಲಿ ದೊರೆತ ರೂಪಗಳಲ್ಲಿ ಇದು ಮೂರನೆಯದು, ಆದರೆ ಇದರ ಹೆಸರು ನಾಲ್ಕನೆಯ ರೂಪವೆಂದು. ಈ ಸಂಖ್ಯೆಗಳು ವರದಿಯಾದ ಕ್ರಮವನ್ನು ಸೂಚಿಸುತ್ತವೆಯೇ ಹೊರತು ಸ್ಥಿರತೆಯ ಕ್ರಮವನ್ನಲ್ಲ. ಪರೀಕ್ಷೆಯಲ್ಲಿ ಉತ್ತರ ಬರೆಯುವ ವಿದ್ಯಾರ್ಥಿಗಳು ಇವುಗಳೊಡನೆ ವರ್ಷವನ್ನೂ ಒತ್ತಡವನ್ನೂ ನಮೂದಿಸತಕ್ಕದ್ದು.